ಪುಸ್ತಕ ಕಾಯುವವರ ಪಕ್ಕದಲ್ಲಿ

(ಬಾನುಲಿ ಭಾಷಣದ ಪೂರ್ಣಪಾಠ)



ತುಮಕೂರಿನಿಂದ ಹೊನ್ನಾವರದ ಹೆದ್ದಾರಿ ಹಿಡಿದು ಸುಮಾರು 20 ಕಿಲೋಮೀಟರು ಹೋದರೆ ಗುಬ್ಬಿ. ದಕ್ಷಿಣಕ್ಕೆ ತಿರುಗಿ ಹತ್ತಿರ ಹತ್ತಿರ 40 ಕಿಲೋಮೀಟರು ಹೋದರೆ ಕುಣಿಗಲ್ಲು. ಗುಬ್ಬಿಯ ಹೆಸರನ್ನು ನಾಡಿಗೆ ತಿಳಿಸಿದ್ದು 1884ರಲ್ಲಿ ಹುಟ್ಟಿದ ನಾಟಕ ಕಂಪೆನಿ. ಕುಣಿಗಲ್ಲಿನ ಹೆಸರನ್ನು ತಿಳಿಸಿದ್ದು ಅಲ್ಲಿಯ ಕೆರೆ ಮತ್ತು ಆ ಕೆರೆಯ ಮೇಲಿನ ಜನಪದರ ಹಾಡು. ಇವೆರಡು ಊರುಗಳ ಹಾಗೂ ತುಮಕೂರು ನಗರದ ನಡುವೆ ನಾನು ಕಳೆದ ಹತ್ತು ವರ್ಷಗಳಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಕಂಕುಳಲ್ಲಿ ಒಂದು ಕಡತ. ಕಡತದಲ್ಲಿ ಮನವಿ ಪತ್ರಗಳು, ಸುತ್ತೋಲೆಗಳ ನಕಲುಗಳು. ನಾನು ವಕೀಲನಲ್ಲ, ನಾಯಕನೂ ಅಲ್ಲ. ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಸಹಾಯಕನಾಗಿ ಕೆಲಸ ಮಾಡಿ ನಿವೃತ್ತನಾದವನು. ನೌಕರರ ಸಂಘವೊಂದರಲ್ಲಿ ಕೆಲವು ಕಾಲ ಕಾರ್ಯದರ್ಶಿಯಾಗಿದ್ದವನು. ಈ ದಿವಸ ನಾನು ಮಾತನಾಡಬೇಕೆಂದಿರುವುದು ಗ್ರಂಥಾಲಯಗಳಲ್ಲಿ ದುಡಿಯುವವರನ್ನು ಕುರಿತು. ಅವರ ಕೆಲಸದ ರೀತಿ ಬದಲಾಗುವಾಗ ಅವರ ಪರವಾಗಿ ಯಾರು, ಎಲ್ಲಿ ಕುಳಿತು ಮಾತನಾಡಬೇಕು ಎಂಬುದನ್ನು ಕುರಿತು.

ಗ್ರಂಥಾಲಯಕ್ಕೆ ಹೋಗುವ ನಾವು ಪುಸ್ತಕವನ್ನು ಕಾಣುತ್ತೇವೆ, ಪತ್ರಿಕೆಯನ್ನು ಕಾಣುತ್ತೇವೆ. ಬೆಳಿಗ್ಗೆ ಬೀಗ ತೆಗೆದು, ನೆಲ ಗುಡಿಸಿ, ಪತ್ರಿಕೆಗಳಿಗೆ ಮುದ್ರೆಯೊತ್ತಿ ಮೇಜಿನ ಮೇಲಿಟ್ಟವರನ್ನು ಕಾಣುವುದು ಅಪರೂಪ. ಅವರು ಒಂದು ದಿನ ಬಾರದಿದ್ದರೆ ಮಾತ್ರ ಬಾಗಿಲ ಮುಂದೆ ನಿಂತು, ಎಲ್ಲಿ ಹೋದರು ಇವರು ಎಂದು ಕೇಳುತ್ತೇವೆ.

ನಮ್ಮ ನಾಡಿನಲ್ಲಿ ಗ್ರಂಥಾಲಯವು ದಾನಿಗಳ ಔದಾರ್ಯದಿಂದ ಮಾತ್ರ ನಡೆಯುವ ಸಂಸ್ಥೆಯಲ್ಲ. ಕಾನೂನಿನ ಆಧಾರವುಳ್ಳ ಸಂಸ್ಥೆ. ಆಗಿನ ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರಲ್ಲಿ ಆಯಿತು. ಅದರ ಹಿಂದೆ ಡಾ. ಎಸ್. ಆರ್. ರಂಗನಾಥನ್ ಅವರ ಚಿಂತನೆಯಿತ್ತು. ತಮಿಳುನಾಡಿನಲ್ಲಿ ಹುಟ್ಟಿದ ಆ ಮಹನೀಯರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1972ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಗ್ರಂಥಾಲಯಕ್ಕೆ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಕಾಯಿದೆ ಕೊಟ್ಟ ಉತ್ತರ, ಗ್ರಂಥಾಲಯ ಕರ. ಮನೆಯ ತೆರಿಗೆಯ ರಸೀದಿಯನ್ನು ನೀವು ಕಣ್ಣಿಟ್ಟು ನೋಡಿದರೆ ಅದರಲ್ಲಿ ಈ ಬಾಬತ್ತು ಕಾಣುತ್ತದೆ. ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಎಂದರೆ, ಪುಸ್ತಕವನ್ನು ಮುಟ್ಟದವನೂ ಗ್ರಂಥಾಲಯದ ಪಾಲುದಾರನೇ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇದು ಬೇಕಾಗುತ್ತದೆ.

ಈ ಸಂಸ್ಥೆಯಲ್ಲಿ ದುಡಿಯುವವರು ಒಂದೇ ಬಗೆಯವರಲ್ಲ. ನಗರದ ಮತ್ತು ಜಿಲ್ಲೆಯ ಕೇಂದ್ರ ಗ್ರಂಥಾಲಯಗಳಲ್ಲಿ ಸರ್ಕಾರದ ಖಾಯಂ ನೌಕರರಿದ್ದಾರೆ. ಅವರಿಗೆ ಸೇವಾ ನಿಯಮಗಳುಂಟು, ವೇತನ ಶ್ರೇಣಿಯುಂಟು, ಬಲವಾದ ಸಂಘವುಂಟು. ಅವರ ಪಕ್ಕದಲ್ಲಿಯೇ ದಿನಗೂಲಿಯವರು, ಗುತ್ತಿಗೆಯವರು ಇದ್ದಾರೆ. ಹಳ್ಳಿಗಳ ಕಡೆಗೆ ಹೋದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು. ಮೇಲ್ವಿಚಾರಕ ಎಂಬ ಹೆಸರು ದೊಡ್ಡದು. ಆದರೆ ಮೇಲೆ ನಿಂತು ವಿಚಾರಿಸಿಕೊಳ್ಳಲು ಅವರ ಕೈಕೆಳಗೆ ಯಾರೂ ಇಲ್ಲ. ಬೀಗ ತೆಗೆಯುವವರು ಅವರೇ, ಕಸ ಗುಡಿಸುವವರು ಅವರೇ, ಪುಸ್ತಕ ಕೊಡುವವರೂ ಲೆಕ್ಕ ಬರೆಯುವವರೂ ಅವರೇ. ಅವರಿಗೆ ಸಲ್ಲುತ್ತಿದ್ದ ಹಣಕ್ಕೆ ಸಂಬಳವೆಂಬ ಹೆಸರಿರಲಿಲ್ಲ, ಗೌರವಧನವೆಂದು ಹೆಸರು.

2019ರಲ್ಲಿ ಇವರ ಬದುಕಿನಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದುವು. ಕಟ್ಟಡ ಇದ್ದಲ್ಲಿಯೇ ಇತ್ತು, ಕಪಾಟು ಇದ್ದಲ್ಲಿಯೇ ಇತ್ತು. ಆದರೆ ಒಡೆಯರು ಬದಲಾದರು. ಮರುವರ್ಷ ಸಾಂಕ್ರಾಮಿಕದ ಕಾಲ. ಶಾಲೆಗಳು ಮುಚ್ಚಿದ್ದಾಗ ಹಳ್ಳಿಯ ಮಕ್ಕಳನ್ನು ಗ್ರಂಥಾಲಯದ ಕಡೆಗೆ ಕರೆಯುವ 'ಓದುವ ಬೆಳಕು' ಎಂಬ ಕಾರ್ಯಕ್ರಮ ಬಂತು. ಗ್ರಂಥಾಲಯವು ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರವಾಯಿತು, ಬಳಿಕ ಅರಿವು ಕೇಂದ್ರವಾಯಿತು. ಗೋಡೆಗಳಿಗೆ ಬಣ್ಣ ಬಂತು, ಮಕ್ಕಳಿಗೆ ಚದುರಂಗದ ಮಣೆ ಬಂತು, ಅನೇಕ ಕಡೆ ಕಂಪ್ಯೂಟರು ಬಂತು. ಗೌರವಧನವು 7 ಸಾವಿರ ರೂಪಾಯಿಯಿಂದ 12 ಸಾವಿರಕ್ಕೆ ಏರಿತು. ಅನಂತರ ಕನಿಷ್ಠ ವೇತನದ ಮಾತೂ ಬಂತು. ಅದರೊಡನೆ ಬಾಗಿಲು ತೆರೆದಿರಬೇಕಾದ ಹೊತ್ತೂ ಬೆಳೆಯಿತು. ಮಾಡಬೇಕಾದ ಕೆಲಸ ಅದಕ್ಕಿಂತ ಹೆಚ್ಚಾಗಿ ಬೆಳೆಯಿತು.

ಈ ಬದಲಾವಣೆಗಳನ್ನು ನಾನು ಹಳಿಯಲು ಹೊರಟಿಲ್ಲ. ಹಂಚಿನ ಸೂರಿನ ಕೆಳಗೆ, ಒಂದೇ ದೀಪದ ಬೆಳಕಿನಲ್ಲಿ, ಹುಳು ತಿಂದ ಪುಸ್ತಕಗಳ ನಡುವೆ ಮೇಲ್ವಿಚಾರಕರು ಒಂಟಿಯಾಗಿ ಕುಳಿತಿದ್ದುದನ್ನು ನಾನು ಕಂಡಿದ್ದೇನೆ. ಅದೇ ಕೋಣೆಯಲ್ಲಿ ಇಂದು ಸಂಜೆ ಹತ್ತು ಮಕ್ಕಳು ಚಾಪೆಯ ಮೇಲೆ ಕುಳಿತು ಚಿತ್ರದ ಪುಸ್ತಕ ಓದುತ್ತಿರುವುದನ್ನೂ ಕಂಡಿದ್ದೇನೆ. ಯಾವುದು ಮೇಲೆಂದು ಹೇಳಲು ಬಹಳ ಬುದ್ಧಿ ಬೇಕಿಲ್ಲ. ಗ್ರಂಥಾಲಯವು ಬೆಳೆಯುವ ಜೀವಿಯೆಂಬುದು ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಕೊನೆಯದು. ಬೆಳೆಯುವುದೆಂದ ಮೇಲೆ ಬದಲಾಗಲೇಬೇಕು. ನನ್ನ ಪ್ರಶ್ನೆ ಇಷ್ಟೇ: ಆ ಜೀವಿಗೆ ಕೈಕಾಲುಗಳಾಗಿರುವವರನ್ನು ಬದಲಾವಣೆಯ ಮುಂಚೆ ಕೇಳಬೇಕೋ, ಬದಲಾವಣೆಯಾದ ಮೇಲೆ ಅವರಿಗೆ ತಿಳಿಸಿದರೆ ಸಾಕೋ?

ಈ ಪ್ರಶ್ನೆಯನ್ನು ಅನ್ಯರ ಮುಂದೆ ಇಡುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುವುದು ಒಳ್ಳೆಯದು.

ನಾನು ಕೆಲಸಕ್ಕಿದ್ದ ಗ್ರಂಥಾಲಯದ ಹೆಸರು ಇಲ್ಲಿ ಅನಾವಶ್ಯಕ. ಅಲ್ಲಿ ಪುಸ್ತಕ ಕಟ್ಟುವವರೊಬ್ಬರಿದ್ದರು. ಮೈದಾಹಿಟ್ಟನ್ನು ಕುದಿಸಿ, ಹುಳು ಬಾರದಂತೆ ಚೂರು ಮೈಲುತುತ್ತ ಬೆರೆಸಿ, ಅಂಟು ಮಾಡಿಕೊಂಡು ಹಿಂದಿನ ಜಗಲಿಯಲ್ಲಿ ಕೂರುವರು. ಹಾಳೆ ಕಳಚಿದ ಪುಸ್ತಕ ಅವರ ಕೈಗೆ ಹೋದರೆ ಇನ್ನು ಇಪ್ಪತ್ತು ವರ್ಷ ಓದಿಸಿಕೊಳ್ಳುವ ಹಾಗೆ ಹಿಂದಿರುಗಿ ಬರುತ್ತಿತ್ತು. ಅಷ್ಟು ಕಾಲ ದುಡಿದರೂ ಅವರು ದಿನಗೂಲಿಯವರಾಗಿಯೇ ಉಳಿದಿದ್ದರು. ಅಂಥ ಸಂದರ್ಭದಲ್ಲಿ ನಮ್ಮಲ್ಲಿಗೆ ಕಂಪ್ಯೂಟರು ಬರುವ ಸುದ್ದಿ ಬಂತು. ಸೂಚಿಯ ಕಾರ್ಡುಗಳನ್ನು ತುಂಬಿದ ಮರದ ಪೆಟ್ಟಿಗೆಗಳು ಹೋಗುತ್ತವೆ, ಪುಸ್ತಕಗಳಿಗೆ ಗೆರೆ ಗೆರೆಯ ಚೀಟಿ ಅಂಟಿಸುತ್ತಾರೆ, ಕೆಲಸಗಾರರನ್ನು ಕಡಮೆ ಮಾಡುತ್ತಾರೆ ಎಂದು ಎಲ್ಲರಿಗೂ ಭಯ. ನಾನಾಗ ಸಂಘದ ಕಾರ್ಯದರ್ಶಿ. ಕಂಪ್ಯೂಟರೇ ಬೇಡವೆಂದು ಎರಡು ಪುಟದ ಮನವಿ ಬರೆದೆ. ಭಾಷೆ ಬಲು ಚೆನ್ನಾಗಿತ್ತು, ಗೆಳೆಯರು ಹೊಗಳಿದರು. ಆಡಳಿತದವರು ಸಭೆ ಕರೆದಾಗ ಐದು ನಿಮಿಷ ಕುಳಿತು, ನಮ್ಮ ವಿರೋಧವನ್ನು ದಾಖಲಿಸಿ, ಎಲ್ಲರೂ ಎದ್ದು ಹೊರಗೆ ಬಂದೆವು. ಹೊರಗೆ ಚಪ್ಪಾಳೆಯಾಯಿತು.

ಒಳಗೆ ಸಭೆ ಮುಂದುವರಿಯಿತು. ಕಂಪ್ಯೂಟರು ಬಂತು. ಪುಸ್ತಕಗಳ ವಿವರ ತುಂಬಿಸುವ ಕೆಲಸ ಹೊರಗಿನ ಗುತ್ತಿಗೆದಾರನಿಗೆ ಹೋಯಿತು. ನಮ್ಮಲ್ಲಿ ಕಲಿಯಬಲ್ಲ ಹುಡುಗರಿದ್ದರೂ ಅವರಿಗೆ ಸಿಗಲಿಲ್ಲ. ಹಣ ಸಾಲದೆಂದು ಪುಸ್ತಕ ಕಟ್ಟಿಸುವ ಬಾಬತ್ತನ್ನು ಆ ವರ್ಷ ಕೈಬಿಟ್ಟರು. ಖಾಯಂ ನೌಕರರಾದ ನಮಗೆ ಯಾರಿಗೂ ಏನೂ ಆಗಲಿಲ್ಲ. ಕೂಲಿ ನಿಂತದ್ದು ಜಗಲಿಯಲ್ಲಿ ಕೂತಿದ್ದ ಆ ಒಬ್ಬರಿಗೆ. ಕೆಲವು ತಿಂಗಳಾದ ಮೇಲೆ ಸಭೆಯ ನಡಾವಳಿಯ ಪ್ರತಿ ನನ್ನ ಕೈಗೆ ಬಂತು. ಆ ವಿಷಯದ ಕೆಳಗೆ ಒಂದು ಸಾಲು: ಸಂಘದ ಪ್ರತಿನಿಧಿಗಳು ಹಾಜರಿರಲಿಲ್ಲ.

ಅವರ ಮನೆಗೆ ಹೋದೆ. ಅವರು ಕೋಪಿಸಿಕೊಳ್ಳಲಿಲ್ಲ, ಕಾಫಿ ಕೊಡಿಸಿದರು. ಹೊರಡುವಾಗ ಮಾತ್ರ, "ನೀವು ಒಳಗೆ ಕೂತಿದ್ದಿದ್ರೆ ನನ್ನ ಹೆಸರನ್ನಾದ್ರೂ ಹೇಳ್ತಿದ್ರಿ ಅಲ್ವಾ ಸ್ವಾಮಿ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬೇಡ ಎನ್ನುವುದು ನಮ್ಮ ಹಕ್ಕಾಗಿತ್ತು. ಆದರೆ ಬರುವುದು ಬಂದೇ ಬರುವುದಾದರೆ ಯಾರ ಕೂಲಿ ಉಳಿಯಬೇಕು, ಯಾರಿಗೆ ಹೊಸ ಕೆಲಸ ಕಲಿಸಬೇಕು ಎಂಬ ಮಾತನ್ನು ಆಡುವ ಕರ್ತವ್ಯವೂ ನಮ್ಮದಾಗಿತ್ತು. ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟೆವು. ಪ್ರಾತಿನಿಧ್ಯವೆಂದರೇನೆಂದು ನನಗೆ ತಿಳಿದದ್ದು ಆ ಮನೆಯ ಹೊಸಿಲಲ್ಲಿ.

ತುಮಕೂರಿನವರಿಗೆ ಕಾರ್ಮಿಕ ಸಂಘವೆಂದರೆ ಹೊಸ ಮಾತಲ್ಲ. ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯ ಸೈರನ್ನಿಗೆ ಊಟದ ಡಬ್ಬಿ ಕಟ್ಟಿದ ಮನೆಗಳು ಈ ಊರಿನಲ್ಲಿ ಎಷ್ಟೋ ಇವೆ. ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಸಾವಿರಾರು ಜನ ಒಂದೇ ಗೇಟಿನಿಂದ ಒಳಗೆ ಹೋಗುವ ಕಾರ್ಖಾನೆಯಲ್ಲಿ ಸಂಘ ಕಟ್ಟುವುದು ಒಂದು ಬಗೆ. ಊರಿಗೊಬ್ಬರಂತೆ ಹರಡಿರುವ ಗ್ರಂಥಾಲಯದವರನ್ನು ಸಂಘಟಿಸುವುದು ಮತ್ತೊಂದು ಬಗೆ. ಹಾಗಲವಾಡಿಯ ಕಡೆಯವರಿಗೂ ಹುಲಿಯೂರುದುರ್ಗದ ಕಡೆಯವರಿಗೂ ಒಬ್ಬರ ಮುಖ ಒಬ್ಬರು ನೋಡುವುದು ಜಿಲ್ಲಾ ಮಟ್ಟದ ತರಬೇತಿಯಲ್ಲೋ ಧರಣಿಯಲ್ಲೋ ಮಾತ್ರ. ಒಂಟಿಯಾಗಿ ದುಡಿಯುವವರಿಗೆ ಜೊತೆಯ ಅಗತ್ಯ ಹೆಚ್ಚು; ಜೊತೆ ಸಿಗುವ ಸಂದರ್ಭ ಕಡಮೆ. ಬೇರೆ ದೇಶಗಳಲ್ಲಿಯೂ ಹೀಗೆಯೇ ನಡೆದಿದೆ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದ ನೌಕರರು 1917ರಲ್ಲಿ ಸಂಘ ಕಟ್ಟಿದಾಗ, ವಿದ್ಯಾವಂತರ ಕೆಲಸಕ್ಕೆ ಸಂಘವೇತಕ್ಕೆ ಎಂಬ ಆಕ್ಷೇಪವನ್ನು ಅವರು ಎದುರಿಸಬೇಕಾಯಿತು. ಪುಸ್ತಕದ ನಡುವೆ ಇರುವುದೇ ಒಂದು ಭಾಗ್ಯ, ಕೂಲಿಯ ಮಾತೇಕೆ ಎಂಬ ಭಾವನೆ ನಮ್ಮಲ್ಲಿ ಇಂದಿಗೂ ಇದೆ. ಅಕ್ಕಿಯ ಅಂಗಡಿಯವರು ಆ ಭಾಗ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. 1926ರ ಕಾರ್ಮಿಕ ಸಂಘಗಳ ಕಾಯಿದೆ ಸಂಘವನ್ನು ನೋಂದಾಯಿಸಿಕೊಳ್ಳುವ ದಾರಿ ತೋರಿಸಿತು. ಆದರೆ ನೋಂದಾಯಿತ ಸಂಘದೊಡನೆ ಕುಳಿತು ಮಾತನಾಡಲೇಬೇಕೆಂದು ಮಾಲೀಕನಿಗೆ ಅದು ಹೇಳಲಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1956ರಲ್ಲಿ ಸೇರಿದ ಒಂದು ಕಲಮು ಇಂದಿನ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ವೇತನ, ಕೆಲಸದ ಹೊತ್ತು, ರಜೆ, ಪಾಳಿ ಮೊದಲಾದ ಸೇವಾ ಷರತ್ತುಗಳನ್ನು ಬದಲಾಯಿಸುವ ಮುನ್ನ ಕೆಲಸಗಾರರಿಗೆ 21 ದಿನಗಳ ಸೂಚನೆ ಕೊಡಬೇಕೆಂದು ಅದು ವಿಧಿಸಿತು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಸೂಚನೆಯ ನಿಯಮವನ್ನು ಉಳಿಸಿಕೊಂಡಿದೆ. ಮಾತುಕತೆಗೆ ಅರ್ಹವಾದ ಸಂಘವನ್ನು ಗುರುತಿಸುವ ಕ್ರಮವನ್ನೂ ಅದು ಹೇಳಿದೆ: ಹಲವು ಸಂಘಗಳಿದ್ದಲ್ಲಿ ನೂರಕ್ಕೆ 51 ಕೆಲಸಗಾರರ ಬೆಂಬಲವುಳ್ಳದ್ದೇ ಮಾತುಕತೆಯ ಸಂಘ.

ಇಪ್ಪತ್ತೊಂದು ದಿನ ಎಂಬುದು ದೊಡ್ಡ ಅವಧಿಯಲ್ಲ. ಆದರೂ ಅದರೊಳಗೆ ಒಂದು ಸಭೆ ಸೇರಬಹುದು, ಒಂದು ಪತ್ರ ಬರೆಯಬಹುದು, ಹೀಗೆ ಮಾಡಿದರೆ ಮಕ್ಕಳಿಗೆ ಹೀಗೆ ತೊಂದರೆಯಾಗುತ್ತದೆ ಎಂದು ಹೇಳಬಹುದು. ಕಾನೂನು ಇಲ್ಲಿ ಬದಲಾವಣೆಯನ್ನು ತಡೆಯುತ್ತಿಲ್ಲ; ಬದಲಾವಣೆಗೂ ಅದರ ಜಾರಿಗೂ ನಡುವೆ ಮಾತಿಗೆ ಒಂದಿಷ್ಟು ಜಾಗ ಬಿಡುತ್ತಿದೆ.

ಆದರೆ ಈ ಜಾಗ ಗ್ರಂಥಾಲಯದವರಿಗೆ ಸಿಗುತ್ತದೆಯೆ? ಇಲ್ಲಿ ತೊಡಕು. ಸರ್ಕಾರಿ ಸೇವಾ ನಿಯಮಗಳಿಗೆ ಒಳಪಟ್ಟವರಿಗೆ ಹಳೆಯ ಕಾಯಿದೆಯ ಆ ಕಲಮು ಅನ್ವಯವಾಗುತ್ತಿರಲಿಲ್ಲ. ಅವರಿಗೆ ಅವರ ನಿಯಮಗಳೇ ರಕ್ಷೆ. ಇಲಾಖಾ ವಿಚಾರಣೆಯಾದರೆ ಮತ್ತೊಬ್ಬ ಸರ್ಕಾರಿ ನೌಕರನ ನೆರವು ಪಡೆಯಲು 1957ರ ನಿಯಮಗಳಲ್ಲಿ ಅವರಿಗೆ ಅವಕಾಶವುಂಟು. ಕಾರ್ಖಾನೆಯವರಿಗೆ ಕಾರ್ಮಿಕ ಕಾಯಿದೆ ರಕ್ಷೆ. ಗೌರವಧನದವರು ಎಲ್ಲಿಗೆ ಸೇರಿದವರು? ಸರ್ಕಾರಿ ನೌಕರರೇ ಎಂದು ಕೇಳಿದರೆ ಅಲ್ಲ ಎನ್ನುತ್ತಾರೆ. ಕಾರ್ಮಿಕರೇ ಎಂದರೆ, ಗ್ರಂಥಾಲಯವೇನು ಕೈಗಾರಿಕೆಯೇ ಎನ್ನುತ್ತಾರೆ. ಈ ಎರಡನೆಯ ಪ್ರಶ್ನೆಗೆ ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ವಿಶಾಲವಾದ ಉತ್ತರ ಕೊಟ್ಟಿತ್ತು. ಬೆಂಗಳೂರು ನೀರು ಸರಬರಾಜು ಮಂಡಳಿಯ ಆ ಪ್ರಸಿದ್ಧ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಲಾಭದ ಉದ್ದೇಶವಿಲ್ಲದಿದ್ದರೂ, ವ್ಯವಸ್ಥಿತವಾಗಿ, ಒಡೆಯ ಮತ್ತು ಕೆಲಸಗಾರರ ಸಹಕಾರದಿಂದ, ಜನರ ಅಗತ್ಯ ಪೂರೈಸುವ ಸೇವೆಯನ್ನು ನಡೆಸಿದರೆ ಅದು ಕೈಗಾರಿಕೆಯೇ ಎಂಬ ಅಳತೆಗೋಲನ್ನು ಮುಂದಿಟ್ಟರು. 2017ರಲ್ಲಿ ಆ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಹೊಸ ಸಂಹಿತೆ ತನ್ನದೇ ವ್ಯಾಖ್ಯೆಯನ್ನು ತಂದಿತು. ಪಂಡಿತರ ವಾದ ನಡೆಯುತ್ತಲೇ ಇರಲಿ. ಕಪಾಟಿನ ಮುಂದೆ ನಿಂತವರ ದಿನವಂತೂ ಕಳೆಯಬೇಕಲ್ಲ.

ಖಾಯಂ ಮಾಡಿಕೊಳ್ಳಿ ಎಂದು ಕೇಳಿದವರಿಗೆಲ್ಲ ಬಹುಕಾಲ ತೋರಿಸುತ್ತಿದ್ದುದು 2006ರ ಉಮಾದೇವಿ ಪ್ರಕರಣದ ತೀರ್ಪು. ಅದೂ ಕರ್ನಾಟಕದ್ದೇ. ದೀರ್ಘಕಾಲದ ಸೇವೆಯಿಂದಲೇ ಖಾಯಮಾತಿಯ ಹಕ್ಕು ಹುಟ್ಟುವುದಿಲ್ಲವೆಂದು ಅದು ಹೇಳಿತು. ಆದರೆ 2024ರ ಡಿಸೆಂಬರಿನಲ್ಲಿ, ಕಸ ಗುಡಿಸುವವರ ಮತ್ತು ತೋಟದ ಕೆಲಸದವರ ಒಂದು ಪ್ರಕರಣದಲ್ಲಿ, ಅದೇ ನ್ಯಾಯಾಲಯವು ಆ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸಬಾರದೆಂಬ ಅಭಿಪ್ರಾಯಕ್ಕೆ ಬಂತು. ಇನ್ನು ಗೌರವಧನದ ವಿಷಯ. ಅಂಗನವಾಡಿಯ ತಾಯಂದಿರ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ, ಉಪದಾನದ ಕಾಯಿದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಗ್ರಂಥಾಲಯದವರ ವಿಷಯ ಅದಲ್ಲ ನಿಜ. ಆದರೂ ಹೆಸರು ಬದಲಾಯಿಸಿದ ಮಾತ್ರಕ್ಕೆ ಕೂಲಿಯ ಸ್ವರೂಪ ಬದಲಾಗದು ಎಂಬ ನ್ಯಾಯ ಅವರಿಗೂ ಹತ್ತಿರದ್ದು.

ಕಾನೂನಿನ ಮಾತು ಬಿಟ್ಟು ಒಂದು ಅನುಭವ ಹೇಳುತ್ತೇನೆ. ನಮ್ಮ ಜಿಲ್ಲೆಯ ಹಳ್ಳಿಯೊಂದರ ಮೇಲ್ವಿಚಾರಕಿ. ಊರಿನ ಹೆಸರು, ಅವರ ಹೆಸರು ಬೇಡ. ಹದಿನೇಳು ವರ್ಷಗಳಿಂದ ಆ ಕೆಲಸದಲ್ಲಿದ್ದಾರೆ. ಪುಸ್ತಕಗಳ ಎಣಿಕೆಯನ್ನು ಹೊಸ ನಮೂನೆಯಲ್ಲಿ ತುಂಬಿ ಕಳುಹಿಸಬೇಕೆಂದು ಆದೇಶ ಬಂತು. ಅವರು ತುಂಬಿದ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಕಡಮೆ ಬಂತು. ಕಾರಣ ಕೇಳಿ ನೋಟೀಸು ಬಂತು. ಎರಡು ಸಾರಿ ಕಚೇರಿಗೆ ಹೋಗಿ ಬಾಗಿಲಲ್ಲೇ ನಿಂತು, ಮಾತು ಹೊರಡದೆ ಹಿಂದಿರುಗಿ ಬಂದರು. ಮೂರನೆಯ ಸಾರಿ ಸಂಘದವರು ನನ್ನನ್ನು ಜೊತೆಗೆ ಕಳುಹಿಸಿದರು.

ಅಧಿಕಾರಿ ಕೆಟ್ಟವರಲ್ಲ, ಹತ್ತು ಕೆಲಸಗಳ ನಡುವೆ ಸಿಕ್ಕಿದ್ದವರು. ನನ್ನನ್ನು ನೋಡಿ, "ತಾವು ಯಾರು?" ಎಂದರು. "ಸಂಘದ ಕಡೆಯವನು ಸಾರ್. ಇವರ ಪಕ್ಕ ಕೂತಿರೋಣ ಅಂತ ಬಂದೆ" ಎಂದೆ. ಅವರು ಒಂದು ಗಳಿಗೆ ಯೋಚಿಸಿ ಎರಡು ಕುರ್ಚಿ ತರಿಸಿದರು. ಆ ತಾಯಿ ಕುಳಿತರು. ಚೀಲದಿಂದ ಹಳೆಯ ದಾಖಲೆಯ ಪುಸ್ತಕ ತೆಗೆದರು. ಒಂದು ಮಳೆಗಾಲದಲ್ಲಿ ಸೂರು ಸೋರಿ ಪುಸ್ತಕಗಳು ನೆನೆದು ಮುದ್ದೆಯಾದದ್ದು, ಅವನ್ನು ಬೇರೆ ಕಟ್ಟಿಟ್ಟದ್ದು, ಆ ಬಗ್ಗೆ ಆಗಲೇ ಕಾಗದ ಬರೆದದ್ದು ಎಲ್ಲವೂ ತಾರೀಖು ಸಹಿತ ಅದರಲ್ಲಿತ್ತು. "ಹೊಸ ಫಾರಂನಲ್ಲಿ 'ಇದೆ', 'ಇಲ್ಲ' ಅಂತ ಎರಡೇ ಮನೆ ಇದೆ ಸಾರ್. ನೆಂದಿರೋದನ್ನ ಯಾವ ಮನೆಗೆ ಬರೀಲಿ?" ಎಂದರು. ಅಧಿಕಾರಿ ನಮೂನೆಯನ್ನು ತಿರುಗಿಸಿ ನೋಡಿದರು. ಆಮೇಲೆ ಲೇಖನಿ ತೆಗೆದು ತಾವೇ ಒಂದು ಗೆರೆ ಎಳೆದು ಮೂರನೆಯ ಮನೆ ಮಾಡಿದರು. ನೋಟೀಸು ಅಲ್ಲಿಗೆ ಮುಗಿಯಿತು.

ನಾನು ಅಲ್ಲಿ ಆಡಿದ ಮಾತು ಆ ಮೊದಲ ಒಂದೇ. ಉಳಿದುದನ್ನೆಲ್ಲ ಆಡಿದವರು ಅವರೇ, ಗೊತ್ತಿದ್ದುದೂ ಅವರಿಗೇ. ಹಾಗಾದರೆ ನಾನು ಹೋದದ್ದರಿಂದ ಆದದ್ದೇನು? ನಿಂತಿದ್ದವರು ಕುಳಿತರು, ಅಷ್ಟೆ. ಸಂಘವೆಂದರೆ ಘೋಷಣೆ, ಬಾವುಟ, ಮುಷ್ಕರ ಎಂದು ನಾವು ತಿಳಿಯುತ್ತೇವೆ. ಅವೂ ಒಮ್ಮೊಮ್ಮೆ ಬೇಕು. ಆದರೆ ಸಂಘದ ನಿತ್ಯದ ಕೆಲಸ ಪಕ್ಕದ ಕುರ್ಚಿಯಲ್ಲಿ ಕೂರುವುದು. ಅದರಿಂದ ಅಧಿಕಾರಿಗೂ ಲಾಭವಾಯಿತೆಂಬುದನ್ನು ಗಮನಿಸಬೇಕು. ತಮ್ಮ ನಮೂನೆಯಲ್ಲಿ ಒಂದು ಮನೆ ಕಡಮೆಯಿದೆ ಎಂದು ಅವರಿಗೆ ತಿಳಿದದ್ದು ಹಾಗೆ. ಆ ನಮೂನೆ ಮಾಡುವ ಮೊದಲೇ ಹತ್ತು ಜನ ಮೇಲ್ವಿಚಾರಕರನ್ನು ಕೇಳಿದ್ದರೆ ನೋಟೀಸಿನ ಕಾಗದವೂ ಉಳಿಯುತ್ತಿತ್ತು, ಆ ತಾಯಿಯ ಎರಡು ದಿನದ ನಿದ್ದೆಯೂ ಉಳಿಯುತ್ತಿತ್ತು.

ಇನ್ನು ಓದುಗರ ಕಡೆಯಿಂದ ಒಂದು ಆಕ್ಷೇಪವುಂಟು. ಸಂಘ, ಮುಷ್ಕರ ಎಂದು ಬಾಗಿಲು ಮುಚ್ಚಿದರೆ ನಷ್ಟ ಯಾರಿಗೆ? ಸ್ಪರ್ಧಾ ಪರೀಕ್ಷೆಗೆ ಓದುವ ಬಡವರ ಮಕ್ಕಳಿಗಲ್ಲವೆ? ಇದು ನಿಜವಾದ ಆಕ್ಷೇಪ; ಜಾರಿಸಿಬಿಡುವಂಥದಲ್ಲ. ಕುಣಿಗಲ್ಲಿನ ಕಡೆ ನಡೆದ ಒಂದು ಸಭೆಯಲ್ಲಿ ಈ ಮಾತೇ ಎದ್ದಿತು. ಗೌರವಧನ ತಿಂಗಳುಗಟ್ಟಲೆ ಬಾರದೆ ಎಲ್ಲರೂ ಕುದಿಯುತ್ತಿದ್ದರು. ಒಂದು ವಾರ ಬಾಗಿಲು ಹಾಕೋಣವೆಂದು ಕೆಲವರು. ಹಿರಿಯರೊಬ್ಬರು ಎದ್ದು ನಿಂತು, "ನಮ್ಮೂರ ಕೆರೆ ತೂಬಿನ ಹತ್ರ ನೀರುಗಂಟಿ ಇದ್ದ. ಅವನಿಗೆ ಮೇರೆ ಭತ್ತ ಕೊಡದೆ ಸತಾಯಿಸಿದ ಗೌಡರೂ ಇದ್ರು. ಅವನು ಜಗಳ ಆಡಿದ, ಚಾವಡಿಗೆ ಹೋದ. ಬೆಳೆ ಒಣಗಲಿ ಅಂತ ಮಾತ್ರ ತೂಬು ಮುಚ್ಚಲಿಲ್ಲ" ಎಂದರು. ಒಬ್ಬ ಯುವಕ ತಟ್ಟನೆ, "ಮುಚ್ಚಲಿಲ್ಲ ಅಂತಾನೇ ಅಜ್ಜ, ಕೊನೆವರೆಗೂ ಅವನಿಗೆ ಭತ್ತ ಸರಿಯಾಗಿ ಬರಲಿಲ್ಲ" ಎಂದ. ಸಭೆ ಸ್ವಲ್ಪ ಹೊತ್ತು ಮೌನವಾಯಿತು.

ಇಬ್ಬರ ಮಾತೂ ಸತ್ಯವಾಗಿತ್ತು. ಕೊನೆಗೆ ಅವರು ಕಂಡುಕೊಂಡ ದಾರಿ ಹೀಗೆ: ಓದುವ ಕೋಣೆ ತೆರೆದಿರಲಿ, ಪತ್ರಿಕೆ ಮೇಜಿನ ಮೇಲಿರಲಿ, ಹಣ ಬರುವವರೆಗೆ ಮೇಲಕ್ಕೆ ಕಳುಹಿಸುವ ವರದಿಗಳನ್ನು ಮಾತ್ರ ನಿಲ್ಲಿಸುವುದು, ತಮ್ಮ ಕಷ್ಟವನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ ಓದುಗರಿಗೆ ತಿಳಿಸುವುದು. ಓದುವ ಹುಡುಗರೇ ಆ ಹಾಳೆ ಓದಿ ಪಂಚಾಯಿತಿ ಸದಸ್ಯರನ್ನು ಕೇಳತೊಡಗಿದರು. ಹಣ ಕೂಡಲೇ ಬಂತೆಂದು ನಾನು ಹೇಳಲಾರೆ; ತಡವಾಗಿಯೇ ಬಂತು. ಆದರೆ ಕೇಳುವವರು ಇವರೊಬ್ಬರೇ ಅಲ್ಲವೆಂಬುದು ಅಂದಿನಿಂದ ಎಲ್ಲರಿಗೂ ತಿಳಿಯಿತು.

ನೀರುಗಂಟಿಯ ಮಾತು ಬಂದುದರಿಂದ ಒಂದು ವಿಷಯ ಹೇಳಬೇಕು. ತೋಟಿ, ತಳವಾರ, ನೀರುಗಂಟಿಗಳು ಹಿಂದೆ ಊರಿಗಾಗಿ ದುಡಿದರು. ಸಂಬಳವಿಲ್ಲ, ಊರವರು ಕೊಟ್ಟಷ್ಟು ಕಾಳು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದುಗೊಳಿಸಿತು. ಮರ್ಜಿಯ ಮೇಲೆ ಸೇವೆ ಪಡೆಯುವುದು ತರವಲ್ಲ, ಕೆಲಸಕ್ಕೆ ಗೊತ್ತಾದ ಸಂಬಳವಿರಬೇಕು ಎಂಬುದು ನಾವು ಅಂದು ಒಪ್ಪಿಕೊಂಡ ನೀತಿ. ಗೌರವಧನವೆಂಬ ಚೆಲುವಾದ ಹೆಸರಿನಲ್ಲಿ ಆ ಹಳೆಯ ಮರ್ಜಿ ಹಿಂದಿರುಗಿ ಬರಬಾರದು. ಗೌರವವನ್ನು ಬೇರೆಯಾಗಿ ಕೊಡೋಣ, ಧನವನ್ನು ಬೇರೆಯಾಗಿ ಕೊಡೋಣ. ಒಂದರ ಕೊರತೆಯನ್ನು ಮತ್ತೊಂದರ ಹೆಸರಿನಿಂದ ಮುಚ್ಚುವುದು ಬೇಡ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ಹೊತ್ತು, ಕೆಲಸ, ಸ್ಥಳ ಇವುಗಳ ಬದಲಾವಣೆಗೆ ಮುಂಚೆ ಬರಹದ ಸೂಚನೆ. ಗ್ರಂಥಾಲಯ ಕೈಗಾರಿಕೆ ಹೌದೋ ಅಲ್ಲವೋ ಎಂಬ ತೀರ್ಮಾನಕ್ಕೆ ಕಾಯದೆ 21 ದಿನಗಳ ಪದ್ಧತಿಯನ್ನು ಇಲಾಖೆ ತಾನಾಗಿಯೇ ಅನುಸರಿಸಬಹುದು. ಒಳ್ಳೆಯ ನಡತೆಗೆ ಕಾನೂನಿನ ಒತ್ತಾಯ ಬೇಕೇಬೇಕೆಂದಿಲ್ಲ. ಎರಡನೆಯದು, ಹೊಸ ಯಂತ್ರ ಬಂದರೆ ಅದನ್ನು ಕಲಿಸುವ ಹೊಣೆ ಕೊಟ್ಟವರದು. ಕಲಿಯುವ ಹೊತ್ತೂ ಕೆಲಸದ ಹೊತ್ತೇ. ಮೂರನೆಯದು, ಯೋಜನೆ ರೂಪಿಸುವ ಸಭೆಯಲ್ಲಿ ಮೇಲ್ವಿಚಾರಕರ ಪ್ರತಿನಿಧಿಗೆ, ಅದರಲ್ಲಿಯೂ ಮಹಿಳೆಯರ ಪ್ರತಿನಿಧಿಗೆ, ಒಂದು ಸ್ಥಾನ. ನಾಲ್ಕನೆಯದು, ಜನ ಕೊಟ್ಟ ಗ್ರಂಥಾಲಯ ಕರ ಗ್ರಂಥಾಲಯಕ್ಕೆ ಸಕಾಲದಲ್ಲಿ ಸೇರುವುದು. ಆ 6 ಪೈಸೆ ದಾರಿಯಲ್ಲಿ ನಿಂತರೆ ಮೊದಲು ನಿಲ್ಲುವುದು ಪುಸ್ತಕ ಕಾಯುವವರ ಕೂಲಿ.

ಸಂಘದವರಿಗೂ ಒಂದೆರಡು ಮಾತು, ಹಳಬನ ಸಲುಗೆಯಿಂದ. ಬೇಡವೆಂದು ಎದ್ದು ಬರುವುದು ಸುಲಭ, ಚಪ್ಪಾಳೆಯೂ ಸಿಗುತ್ತದೆ. ಒಳಗೆ ಉಳಿದು ಕೊನೆಯ ಸಾಲಿನವರೆಗೆ ವಾದಿಸುವುದು ಕಷ್ಟ. ಕಷ್ಟವಾದದ್ದನ್ನೇ ಮಾಡಿ. ಖಾಯಂ ಆದವರ ಹಿತವನ್ನಷ್ಟೇ ನೋಡಬೇಡಿ. ಜಗಲಿಯಲ್ಲಿ ಕೂತು ಅಂಟು ಹಚ್ಚುವವರ ಹೆಸರು ನಿಮ್ಮ ಸದಸ್ಯರ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಓದುಗರನ್ನು ಎದುರಾಳಿಗಳೆಂದು ತಿಳಿಯಬೇಡಿ. ಓದುಗರ ಹೊತ್ತನ್ನು ಉಳಿಸಬೇಕೆಂಬುದು ರಂಗನಾಥನ್ ಅವರ ನಾಲ್ಕನೆಯ ಸೂತ್ರ. ಅದನ್ನು ನಡೆಸಿಕೊಡುವವರು ನೀವು. ನಿಮ್ಮ ಹೊತ್ತಿಗೂ ಬೆಲೆಯುಂಟೆಂದು ಅವರಿಗೆ ತಿಳಿಸಿ ಹೇಳಿದರೆ ಅವರು ಕೇಳದೆ ಇರಲಾರರು.

ಶ್ರೋತೃಗಳಾದ ತಮ್ಮಲ್ಲಿ ನನ್ನದು ಒಂದು ಸಣ್ಣ ಕೋರಿಕೆ. ಮುಂದಿನ ಸಲ ತಾವು ಗ್ರಂಥಾಲಯಕ್ಕೆ ಹೋದಾಗ, ತುಮಕೂರಿನ ದೊಡ್ಡ ಕಟ್ಟಡವೇ ಆಗಲಿ, ಗುಬ್ಬಿಯ ಅಥವಾ ಕುಣಿಗಲ್ಲಿನ ಹಳ್ಳಿಯೊಂದರ ಒಂದು ಕೋಣೆಯೇ ಆಗಲಿ, ಪುಸ್ತಕ ಕೊಡುವವರ ಹತ್ತಿರ ಎರಡು ನಿಮಿಷ ನಿಂತು, ಈ ತಿಂಗಳ ಸಂಬಳ ಬಂತೇ ಎಂದು ಕೇಳಿ. ಬಾರದಿದ್ದರೆ, ತಮ್ಮ ತೆರಿಗೆಯ ರಸೀದಿಯನ್ನು ಕೈಯಲ್ಲಿ ಹಿಡಿದುಕೊಂಡು, ಯಾಕೆ ಬಂದಿಲ್ಲವೆಂದು ಕೇಳಬೇಕಾದ ಕಡೆ ಕೇಳಿ. ಆ ಹಕ್ಕು ತಮಗುಂಟು.

ಆ ಪುಸ್ತಕ ಕಟ್ಟುವವರು ಈಗಿಲ್ಲ. ಅವರು ಕಟ್ಟಿದ ಪುಸ್ತಕಗಳು ಎಲ್ಲಿಯಾದರೂ ಕಂಡರೆ ನನಗೆ ಗುರುತು ಸಿಗುತ್ತದೆ; ಬೆನ್ನಿನ ಬಟ್ಟೆ ಮಾಸಿದೆ, ಹೊಲಿಗೆ ಸಡಿಲವಾಗಿಲ್ಲ. ಅವರು ಕೇಳಿದ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು, ತಡವಾಗಿ, ತಮ್ಮೆಲ್ಲರ ಎದುರಿನಲ್ಲಿ ಕೊಡುತ್ತಿದ್ದೇನೆ: ಹೌದು, ಒಳಗೆ ಕೂತಿದ್ದರೆ ಹೇಳುತ್ತಿದ್ದೆ, ಕೂರಬೇಕಾಗಿತ್ತು.